ಪ್ರಯೋಗ ಆಹ್ಲಾದಕರವಾಗಿತ್ತು

ಪ್ರತಿ ವರ್ಷ ಜುಲೈ ತಿಂಗಳಲ್ಲಿ, ಸೂರತ್ತಿನ ನಮ್ಮ ಕಾಲೇಜಿನ ಎರಡನೇ ಮಹಡಿಯ ಕೋಣೆಯಲ್ಲಿ, ನಾನು ಒಬ್ಬ ಮನುಷ್ಯನನ್ನು ಕೆಲಸದಿಂದ ತೆಗೆಯುತ್ತೇನೆ. ಮನಶ್ಶಾಸ್ತ್ರದ ಇತಿಹಾಸ ಎಂಬ ಪತ್ರಿಕೆಯ ಮೊದಲ ಪಾಠ ಅದು. ಇಂಗ್ಲೆಂಡಿನ ಒಂದು ವೀಕ್ಷಣಾಲಯ, ಇನ್ನೂರು ವರ್ಷಗಳ ಹಿಂದಿನ ಮಾತು. ದೂರದರ್ಶಕದೊಳಗೆ ಕಾಣುವ ತಂತಿಯನ್ನು ನಕ್ಷತ್ರ ಯಾವ ಕ್ಷಣದಲ್ಲಿ ದಾಟಿತು ಎಂದು ಗಡಿಯಾರದ ಟಿಕ್ ಟಿಕ್ ಕೇಳುತ್ತ ಬರೆದಿಡುವುದು ಸಹಾಯಕನ ಕೆಲಸ. ಮುಖ್ಯ ಖಗೋಳಜ್ಞ ಬರೆದ ಸಮಯಕ್ಕೂ ಇವನು ಬರೆದ ಸಮಯಕ್ಕೂ ಒಂದು ಸೆಕೆಂಡಿಗಿಂತ ಸ್ವಲ್ಪ ಕಡಿಮೆ ವ್ಯತ್ಯಾಸ ಬರುತ್ತಿತ್ತು. ದೊಡ್ಡವರು ತಪ್ಪಿರಲಾರರಲ್ಲ, ಸಹಾಯಕನನ್ನು ಮನೆಗೆ ಕಳಿಸಿದರು. ಇಪ್ಪತ್ತು ವರ್ಷ ಕಳೆದ ಮೇಲೆ ಜರ್ಮನಿಯ ಇನ್ನೊಬ್ಬ ಖಗೋಳಜ್ಞ ಆ ಹಳೆಯ ಪ್ರಸಂಗವನ್ನು ಓದಿ, ಕುತೂಹಲಗೊಂಡು ಪರೀಕ್ಷೆ ಮಾಡಿದ. ನೋಡುವ ಪ್ರತಿಯೊಬ್ಬರಿಗೂ ಅವರದೇ ಆದ ತಡ ಇರುತ್ತದೆ, ದೊಡ್ಡವರಿಗೂ ಇರುತ್ತದೆ ಎಂಬುದು ಗೊತ್ತಾಯಿತು. ಆ ತಡವನ್ನು ಅಳೆಯಲು ಹೊರಟ ದಾರಿಯಲ್ಲೇ ಮುಂದೆ ಲೈಪ್‌ಜಿಗ್‌ನಲ್ಲಿ ಮನಸ್ಸಿನ ಮೊದಲ ಪ್ರಯೋಗಶಾಲೆ ತೆರೆಯಿತು, ತತ್ವಶಾಸ್ತ್ರದ ಮನೆಯಲ್ಲಿ ಬಾಡಿಗೆಗಿದ್ದ ಮನಶ್ಶಾಸ್ತ್ರ ಸ್ವಂತ ಮನೆ ಮಾಡಿತು.

ಹುಡುಗಿಯರು ತಲೆ ತಗ್ಗಿಸಿ ಬರೆದುಕೊಳ್ಳುತ್ತಾರೆ. ಇದು ಎಷ್ಟು ಮಾರ್ಕಿಗೆ ಬರುತ್ತದೆ ಎಂದು ಒಬ್ಬಳಾದರೂ ಕೇಳುತ್ತಾಳೆ. ಆ ಸಹಾಯಕ ಆಮೇಲೆ ಏನಾದ ಎಂದು ಇಷ್ಟು ವರ್ಷಗಳಲ್ಲಿ ಯಾರೂ ಕೇಳಿಲ್ಲ. ಕೇಳದಿರುವುದೇ ನನಗೆ ಅನುಕೂಲ. ಯಾಕೆಂದರೆ ನನಗೆ ಗೊತ್ತಿರುವುದು ಇಂಗ್ಲೆಂಡಿನ ಸಹಾಯಕನ ಕಥೆಯಲ್ಲ, ವಡೋದರಾದ ಮಕರಪುರದಲ್ಲಿ ಪ್ರೆಸ್ ಮಷೀನು ನಡೆಸುತ್ತಿದ್ದ ನಮ್ಮ ಕನ್ನಡದವರೊಬ್ಬರ ಕಥೆ. ಅವರನ್ನು ಕಳಿಸಿದ್ದು ಕಾಲು ಸೆಕೆಂಡಿಗೆ. ಅಳೆದವಳು ನಾನು.

ನಾನು ಧಾರವಾಡದವಳು. ಈ ವಿಷಯವನ್ನು ಅಲ್ಲೇ ಓದಬಹುದಿತ್ತು. ಮನೆಯವರ ಕಣ್ಣಳತೆಯಿಂದ ತಪ್ಪಿಸಿಕೊಳ್ಳಬೇಕು ಎಂಬ ಒಂದೇ ಕಾರಣಕ್ಕೆ ಎರಡು ಸಾವಿರದ ಎರಡರ ಜೂನ್‌ನಲ್ಲಿ ಎಂ.ಎ. ಮಾಡಲು ವಡೋದರಾಕ್ಕೆ ಬಂದೆ. ಊರು ಆಗಷ್ಟೇ ಕರ್ಫ್ಯೂಗಳಿಂದ ಎದ್ದು ಕೂತಿತ್ತು. ಮನೆ ಕೊಡುವವರು ಬಾಡಿಗೆ ಹೇಳುವ ಮೊದಲು ಅಡ್ಡಹೆಸರು ಕೇಳುತ್ತಿದ್ದರು. ನನ್ನ ಅಡ್ಡಹೆಸರಿನಿಂದ ಅವರಿಗೆ ಜಾತಿ ಧರ್ಮದ ತಲೆಬುಡ ತಿಳಿಯದೆ, ಊಟ ಏನು ಮಾಡುತ್ತೀಯ ಎಂದು ಇನ್ನೊಂದು ಬಾಗಿಲಿನಿಂದ ಒಳಗೆ ಬರುತ್ತಿದ್ದರು. ಮನುಷ್ಯರ ಮನಸ್ಸು ತಿಳಿಯಲು ಬಂದವಳಿಗೆ ಅದೇ ಮೊದಲ ಪಾಠವಾಗಬೇಕಿತ್ತು. ಆದರೆ ಪುಸ್ತಕದಲ್ಲಿ ಅಚ್ಚಾಗಿರುವುದು ಮಾತ್ರ ಪಾಠ ಎಂದು ನಾನು ಆಗ ನಂಬಿದ್ದೆ.

ವಿಭಾಗದ ಪ್ರಯೋಗಶಾಲೆಯಲ್ಲಿ ಗಾಜಿನ ಬೀರುಗಳು ಸಾಲಾಗಿದ್ದವು. ಕನ್ನಡಿಯಲ್ಲಿ ನೋಡಿಕೊಂಡು ನಕ್ಷತ್ರ ಬರೆಯುವ ಹಲಗೆ, ಅರ್ಥವಿಲ್ಲದ ಪದಗಳನ್ನು ಒಂದೊಂದಾಗಿ ತೋರಿಸುವ ಸುತ್ತುವ ಡ್ರಮ್ಮು, ದೀಪ ಹತ್ತಿದ ಮೇಲೆ ಬೆರಳು ಗುಂಡಿ ಒತ್ತಲು ಎಷ್ಟು ಹೊತ್ತು ಹಿಡಿಯಿತು ಎಂದು ಹೇಳುವ ಗಡಿಯಾರ. ಇಬ್ಬಿಬ್ಬರು ಜೋಡಿಯಾಗಿ ಪ್ರಯೋಗ ಮಾಡಬೇಕು. ಒಬ್ಬರು ಪ್ರಯೋಗ ಮಾಡುವವರು, ಇನ್ನೊಬ್ಬರು ಸಬ್ಜೆಕ್ಟು. ಮಾಡಿದ್ದನ್ನು ಕಂದು ರಟ್ಟಿನ ಜರ್ನಲ್ಲಿನಲ್ಲಿ ಬರೆದು ಸಹಿ ಹಾಕಿಸಬೇಕು. ಅದರಲ್ಲಿ ಕೊನೆಗೆ ಒಂದು ಭಾಗ ಇರುತ್ತಿತ್ತು, ಅಂತರವಲೋಕನದ ವರದಿ. ಪ್ರಯೋಗ ನಡೆಯುವಾಗ ಸಬ್ಜೆಕ್ಟು ತನ್ನೊಳಗೆ ಏನು ನಡೆಯಿತು ಎಂದು ನೋಡಿಕೊಂಡು ಹೇಳಬೇಕು, ಅದನ್ನು ಅವರ ಮಾತಿನಲ್ಲೇ ಬರೆದು ಅವರ ಸಹಿ ಪಡೆಯಬೇಕು. ಲೈಪ್‌ಜಿಗ್‌ನ ಆ ಪ್ರಯೋಗಶಾಲೆ ನಿಂತಿದ್ದೇ ಈ ಕಂಬದ ಮೇಲೆ. ಅಲ್ಲಿ ವಿದ್ಯಾರ್ಥಿಗಳು ಗಂಟೆಗಟ್ಟಲೆ ಕೂತು, ಒಂದು ಸದ್ದು ಕೇಳಿದಾಗ ತಮ್ಮೊಳಗೆ ಏನಾಯಿತು ಎಂದು ಪ್ರಾಮಾಣಿಕವಾಗಿ ಹೇಳುವುದನ್ನು ವರ್ಷಗಟ್ಟಲೆ ಅಭ್ಯಾಸ ಮಾಡುತ್ತಿದ್ದರಂತೆ.

ನಮ್ಮಲ್ಲಿ ಅಷ್ಟು ಕಷ್ಟ ಇರಲಿಲ್ಲ. ಸೀನಿಯರುಗಳ ಜರ್ನಲ್ ಇರುತ್ತಿತ್ತು. ಅಕ್ಕನ ಲಂಗ ತಂಗಿಗೆ ಬಂದ ಹಾಗೆ ಅದು ವರ್ಷದಿಂದ ವರ್ಷಕ್ಕೆ ಕೆಳಗಿಳಿದು ಬರುತ್ತಿತ್ತು. ಪ್ರಯೋಗ ಯಾವುದೇ ಇರಲಿ, ಒಳಗೆ ನೋಡಿಕೊಂಡವರಿಗೆ ಕಂಡದ್ದು ಒಂದೇ. 'ಪ್ರಯೋಗದ ಆರಂಭದಲ್ಲಿ ನನಗೆ ಸ್ವಲ್ಪ ಆತಂಕವಾಯಿತು. ಕ್ರಮೇಣ ರೂಢಿಯಾಗಿ ಆಸಕ್ತಿ ಹುಟ್ಟಿತು. ಕೊನೆಯಲ್ಲಿ ತುಸು ದಣಿವಾಯಿತು. ಒಟ್ಟಿನಲ್ಲಿ ಪ್ರಯೋಗ ಆಹ್ಲಾದಕರವಾಗಿತ್ತು.' ಇಂಗ್ಲಿಷಿನಲ್ಲಿ ಈ ನಾಲ್ಕು ವಾಕ್ಯ. ಮೊದಲು ಇದನ್ನು ಬರೆದ ಪುಣ್ಯಾತ್ಮರು ಯಾರೋ, ಅವರಿಗೆ ನಿಜವಾಗಿಯೂ ಆತಂಕವಾಗಿತ್ತೋ ಏನೋ. ಆಮೇಲೆ ಬಂದ ನಾವೆಲ್ಲ ಅವರ ಆತಂಕವನ್ನೇ ಪಟ್ಟೆವು, ಅವರ ದಣಿವನ್ನೇ ದಣಿದೆವು. ಅಧ್ಯಾಪಕರು ಕಣ್ಣು ಮುಚ್ಚಿ ಸಹಿ ಹಾಕುತ್ತಿದ್ದರು. ಇದರಲ್ಲಿ ತಪ್ಪಿದೆ ಎಂದು ನಮಗೆ ಯಾರಿಗೂ ಅನಿಸಲಿಲ್ಲ. ನನಗಂತೂ ಅನಿಸಲಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಊಟಕ್ಕೆ ಸ್ಟೇಷನ್ ಹತ್ತಿರದ ಒಂದು ಉಡುಪಿ ಹೋಟೆಲಿಗೆ ಹೋಗುತ್ತಿದ್ದೆ. ಒಂದು ಗುರುವಾರ ಫೋನಿನಲ್ಲಿ ಅವ್ವನ ಜೊತೆ ಜಗಳವಾಡುತ್ತ ಅಲ್ಲಿ ಕೂತಿದ್ದೆ. ಪಕ್ಕದ ಮೇಜಿನವರು ನಾನು ಫೋನ್ ಇಡುವವರೆಗೆ ಕಾದು ಮಾತಾಡಿದರು. ನಲವತ್ತು ದಾಟಿದ, ಗಿಡ್ಡ, ಗಟ್ಟಿ ಆಳು.

"ಎಂತ ಮಾರಾಯ್ತಿ, ಕನ್ನಡದವರಾ? ಮೊದಲೇ ಹೇಳುದಲ್ವಾ! ಒಳಗೆ ನೀರುದೋಸೆ ಉಂಟು. ಬೋರ್ಡಿನಲ್ಲಿ ಬರೆಯುದಿಲ್ಲ, ಮನೆಯವರಿಗೆ ಮಾತ್ರ."

ಹೋಟೆಲು ಅವರ ಭಾವನದು, ಅಂದರೆ ಅಕ್ಕನ ಗಂಡನದು. ಹದಿನಾರು ವರ್ಷಕ್ಕೆ ಅಕ್ಕನ ಹಿಂದೆ ಸೂರತ್ತಿಗೆ ಬಂದವರು, ಭಾವ ಹೋಟೆಲನ್ನು ವಡೋದರಾಕ್ಕೆ ತಂದಾಗ ಜೊತೆಗೆ ಬಂದವರು. ಒಟ್ಟು ಹದಿನೇಳು ವರ್ಷ ದೋಸೆಕಲ್ಲಿನ ಎದುರು ನಿಂತಿದ್ದರಂತೆ. ಆಮೇಲೆ ಮಕರಪುರದಲ್ಲಿ ಕರೆಂಟಿನ ಪ್ಯಾನಲ್ ಡಬ್ಬಿ ಮಾಡುವ ಒಂದು ಕಾರ್ಖಾನೆಯಲ್ಲಿ ಪವರ್ ಪ್ರೆಸ್, ಅಂದರೆ ತಗಡು ಒತ್ತುವ ಮಷೀನು, ಕಲಿತು ಅಲ್ಲೇ ಸೇರಿಕೊಂಡರು. ವಾರದ ರಜೆ ಗುರುವಾರ. ಆ ದಿನ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಭಾವನ ಹೋಟೆಲಿಗೆ ಬಂದು, ಗಿರಾಕಿಯ ಹಾಗೆ ಮೇಜಿನ ಎದುರು ಕೂತು, ದೋಸೆ ತರಿಸಿಕೊಂಡು, ದುಡ್ಡು ಕೊಟ್ಟು ಹೋಗುತ್ತಿದ್ದರು. ಭಾವ ಬೇಡ ಅಂದರೂ ಕೊಡುತ್ತಿದ್ದರು.

"ಹೊಟ್ಟೆಗೆ ಕಮ್ಮಿ ಇರ್ಲಿಲ್ಲ ತಂಗಿ," ಎಂದು ಒಮ್ಮೆ ಹೇಳಿದರು. "ಆದ್ರೆ ನನಗೆ ಮೂವತ್ತು ದಾಟಿದ ಮೇಲೆಯೂ ಭಾವ ಬಂದವರ ಹತ್ರ ಇವ ನಮ್ಮ ಹುಡುಗ ಅಂತ ಹೇಳುದು. ಕಾರ್ಖಾನೆಯಲ್ಲಿ ಹಾಗಿಲ್ಲ. ಅಲ್ಲಿ ನಾನು ಆಪರೇಟರ್. ಇನ್ನು ಆ ಕಲ್ಲಿನ ಎದುರು ನಾನು ನಿಲ್ಲುದಿಲ್ಲ."

ಅವರಿಗೆ ಆ ಕೆಲಸ ಎಂದರೆ ಏನು ಎಂಬುದು ನನಗೆ ಗೊತ್ತಿರಲಿಲ್ಲ ಎಂದು ಹೇಳುವ ಹಾಗಿಲ್ಲ. ಚೆನ್ನಾಗಿ ಗೊತ್ತಿತ್ತು.

ಎರಡನೇ ವರ್ಷ ದೀಪ ಮತ್ತು ಗುಂಡಿಯ ಪ್ರಯೋಗಕ್ಕೆ ಹೊರಗಿನಿಂದ, ಕಾರ್ಖಾನೆಯಲ್ಲಿ ಕೆಲಸ ಮಾಡುವ ಒಬ್ಬರನ್ನು ಕರೆತರಬೇಕಿತ್ತು. ಉಳಿದವರು ಇಲ್ಲದ ಮನುಷ್ಯರನ್ನು ಹುಟ್ಟಿಸಿಕೊಂಡರು. ನಾನು ಅಷ್ಟರಮಟ್ಟಿಗೆ ಪ್ರಾಮಾಣಿಕಳು, ಅವರನ್ನು ಕೇಳಿದೆ. ಮೂರು ಗುರುವಾರ ಬಂದರು. ಇಸ್ತ್ರಿ ಅಂಗಿ, ತಲೆಗೆ ಎಣ್ಣೆ. ಕೆಂಪು ದೀಪ ಹತ್ತಿದ ಕೂಡಲೇ ಬಲಗೈ ಬೆರಳಿನಿಂದ ಗುಂಡಿ ಒತ್ತಬೇಕು ಎಂದು ವಿವರಿಸಿದೆ. ನೂರಾರು ಸಲ ಒತ್ತಿದರು, ಒಮ್ಮೆಯೂ ಬೇಸರಿಸಲಿಲ್ಲ. ಆದರೆ ಅವರ ಸಮಯ ಉಳಿದವರಿಗಿಂತ ಕಾಲು ಸೆಕೆಂಡು ಹೆಚ್ಚು ಬರುತ್ತಿತ್ತು. ಗಡಿಯಾರ ಕೆಟ್ಟಿದೆಯೇನೋ ಎಂದು ನಾನೇ ಒತ್ತಿ ನೋಡಿದೆ. ಸರಿಯಾಗಿಯೇ ಇತ್ತು.

"ಅಣ್ಣಾರ, ದೀಪಾ ಹತ್ತಿದ ಮ್ಯಾಲೆ ನಿಮ್ಮೊಳಗ ಏನಾಗ್ತದ? ನೆನಪ ಮಾಡ್ಕೊಂಡು ಹೇಳ್ರಿ," ಎಂದೆ. ವರದಿಯ ಭಾಗ ಇತ್ತಲ್ಲ, ಕೇಳಬೇಕಿತ್ತು.

ಇನ್ನೂ ಹತ್ತು ಸಲ ಮಾಡ್ತೇನೆ, ನೋಡಿ ಹೇಳ್ತೇನೆ ಎಂದರು. ಮಾಡಿದರು. ಆಮೇಲೆ ಮುಖ ಅರಳಿಸಿ ಹೇಳಿದ್ದು ಇಷ್ಟು:

"ದೀಪ ಕಂಡ ಕೂಡ್ಲೇ ಒತ್ಬೇಕು ಅಂತ ಬೆರಳಿಗೆ ಗೊತ್ತುಂಟು. ಆದ್ರೆ ಒತ್ತುವ ಮೊದಲು ನನ್ನ ಕಣ್ಣು ಒಮ್ಮೆ ಎಡಗೈಗೆ ಹೋಗ್ತದೆ. ಕೈ ಹೊರಗೆ ಉಂಟು ಅಂತ ಕಂಡ ಮೇಲೆಯೇ ಈ ಬೆರಳು ಇಳಿಯುದು. ಪ್ರೆಸ್ಸಿನಲ್ಲಿ ಹಾಗೆ ತಂಗಿ. ತಗಡು ಒಳಗೆ ಇಡುದು, ಕೈ ತೆಗೆಯುದು, ಕೈ ಬಂತಾ ಅಂತ ನೋಡುದು, ಆಮೇಲೆ ಪೆಡಲು ಮೆಟ್ಟುದು. ನೋಡದೆ ಮೆಟ್ಟಿದವರ ಬೆರಳು ಡಬ್ಬಿಯ ಒಳಗೆ ಹೋಗ್ತದೆ. ಇಲ್ಲಿ ಪ್ರೆಸ್ಸು ಇಲ್ಲ ಅಂತ ನನಗೆ ಗೊತ್ತುಂಟು, ಕಣ್ಣಿಗೆ ಗೊತ್ತಿಲ್ಲ ನೋಡಿ!"

ತನ್ನೊಳಗೆ ಇಂಥದ್ದೊಂದು ಇದೆ ಎಂದು ಅವರಿಗೂ ಆಗಲೇ ತಿಳಿದದ್ದು. ಖುಷಿಯಿಂದ ನಕ್ಕರು. ನಾನು ಪೆನ್ಸಿಲಿನಿಂದ ಒಂದು ರಫ್ ಹಾಳೆಯಲ್ಲಿ ಕನ್ನಡದಲ್ಲೇ ಬರೆದುಕೊಂಡೆ. ಆ ಎರಡು ವರ್ಷದಲ್ಲಿ ಆ ಪ್ರಯೋಗಶಾಲೆಯೊಳಗೆ ನಡೆದ ಒಂದೇ ಒಂದು ಅಂತರವಲೋಕನ ಅದು ಎಂದು ಈಗ ಖಂಡಿತವಾಗಿ ಹೇಳಬಲ್ಲೆ. ಎಂಟನೇ ಇಯತ್ತೆಗೆ ಶಾಲೆ ಬಿಟ್ಟವರು ಮಾಡಿದ್ದು.

ಅದನ್ನು ಇಂಗ್ಲಿಷಿಗೆ ಇಳಿಸಿ ನಮ್ಮ ಗೈಡಿಗೆ ತೋರಿಸಿದೆ. ಅವರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. ಇದು ಅಂತರವಲೋಕನ ಹೇಗಾಗುತ್ತದೆ, ಇದರಲ್ಲಿ ಕೈ ಇದೆ, ಪೆಡಲು ಇದೆ, ತಗಡು ಇದೆ, ಭಾವನೆ ಎಲ್ಲಿದೆ ಎಂದರು. ಒಳಗಿನ ಅನುಭವ ಹೇಳು ಎಂದರೆ ಹೊರಗಿನ ವಸ್ತುವನ್ನು ಹೇಳುವುದು ಕಲಿಯದವರು ಮಾಡುವ ತಪ್ಪು, ಹಳೆಯ ದೊಡ್ಡ ಪ್ರಾಧ್ಯಾಪಕರೇ ಅದಕ್ಕೊಂದು ಹೆಸರಿಟ್ಟಿದ್ದಾರೆ ಎಂದರು. ಹೊರಗಿನಿಂದ ಪರೀಕ್ಷಕರು ಬರುತ್ತಾರೆ, ಸುಮ್ಮನೆ ತೊಂದರೆ ಯಾಕೆ, ಎಲ್ಲರ ಹಾಗೆ ಬರಿ ಎಂದರು. ನಾನು ವಾದಿಸಬಹುದಿತ್ತು. ಅವ್ವನ ಜೊತೆ ಫೋನಿನಲ್ಲಿ ಒಂದು ಗಂಟೆ ವಾದಿಸುವವಳಿಗೆ ಗೈಡಿನ ಎದುರು ನಾಲಿಗೆ ಎದ್ದರೆ ಕೇಳಿ. ರೂಮಿಗೆ ಹೋಗಿ ಸೀನಿಯರಿನ ಜರ್ನಲ್ ತೆರೆದು ಆ ನಾಲ್ಕು ವಾಕ್ಯಗಳನ್ನು ದುಂಡಗಿನ ಅಕ್ಷರದಲ್ಲಿ ಇಳಿಸಿದೆ. ಮುಂದಿನ ಗುರುವಾರ ಹೋಟೆಲಿನಲ್ಲಿ ಅದರ ಕೆಳಗೆ ಅವರ ಸಹಿ ಹಾಕಿಸಿಕೊಂಡೆ.

"ನಾನು ಹೇಳಿದ್ದು ಇಂಗ್ಲಿಷಿನಲ್ಲಿ ಇಷ್ಟೇ ಆಯ್ತಾ?" ಎಂದು ಆಶ್ಚರ್ಯಪಟ್ಟರು.

"ಹೌದ್ರೀ, ಇಂಗ್ಲಿಷಿನ್ಯಾಗ ಸಣ್ಣದಾಗ್ತದ," ಎಂದೆ. ಅವರು ಕನ್ನಡದಲ್ಲಿ ಸಹಿ ಹಾಕಿದರು. ಪ್ರಯೋಗಕ್ಕೆ ಒಳ್ಳೆಯ ಅಂಕ ಬಂತು. ಪಾಸಾಗಿ ರೂಮು ಖಾಲಿ ಮಾಡುವಾಗ ರಫ್ ಹಾಳೆಗಳನ್ನೆಲ್ಲ ರದ್ದಿಗೆ ಹಾಕಿದೆ.

ಕೆಲಸ ಸಿಕ್ಕಿದ್ದು ಅಹಮದಾಬಾದಿನಲ್ಲಿ. ಕಾರ್ಖಾನೆಗಳಿಗೆ ಕೆಲಸಗಾರರನ್ನು ಪರೀಕ್ಷಿಸಿ ಕೊಡುವ ಒಂದು ಸಣ್ಣ ಕಂಪನಿ. ಚಾಂದ್‌ಖೇಡಾದಲ್ಲಿ ಪೇಯಿಂಗ್ ಗೆಸ್ಟ್ ಆಗಿದ್ದುಕೊಂಡು, ಒಂದು ಸೂಟ್‌ಕೇಸಿನಲ್ಲಿ ದೀಪ, ಗುಂಡಿ, ಗಡಿಯಾರ ಇಟ್ಟುಕೊಂಡು, ನರೋಡಾದ ಕಾರ್ಖಾನೆಗಳಿಗೆ ಬಸ್ಸಿನಲ್ಲಿ ಓಡಾಡುತ್ತಿದ್ದೆ. ಈಗ ಗಡಿಯಾರ ಡಿಜಿಟಲ್, ಉಳಿದದ್ದೆಲ್ಲ ಅದೇ. ಒಂದು ವ್ಯತ್ಯಾಸವಿತ್ತು. ಕಂಪನಿಯ ಫಾರಂನಲ್ಲಿ ಅಂತರವಲೋಕನದ ಭಾಗ ಇರಲಿಲ್ಲ. ಹೆಸರು, ವಯಸ್ಸು, ಸಮಯ, ಪಾಸೋ ಅಲ್ಲವೋ. ಚರಿತ್ರೆಯಲ್ಲೂ ಹೀಗೇ ಆಗಿತ್ತು. ಲೈಪ್‌ಜಿಗ್ ಆದ ಕೆಲವು ದಶಕಗಳಿಗೆ ಅಮೆರಿಕದವನೊಬ್ಬ ಎದ್ದು ನಿಂತು, ಮನುಷ್ಯ ತನ್ನ ಬಗ್ಗೆ ತಾನು ಹೇಳುವುದನ್ನು ನಂಬಿ ವಿಜ್ಞಾನ ಕಟ್ಟಲಾಗದು, ಅವನು ಏನು ಮಾಡುತ್ತಾನೆ ಎಂಬುದನ್ನು ಮಾತ್ರ ಅಳೆಯಿರಿ ಎಂದ. ಪಾಪ, ಅವನು ನಮ್ಮ ಜರ್ನಲ್‌ಗಳನ್ನು ನೋಡಿದ್ದರೆ ಇನ್ನೂ ಜೋರಾಗಿ ಹೇಳುತ್ತಿದ್ದ. ಆ ಭಾಗ ಇಲ್ಲದ್ದು ನನಗೆ ಹಗುರವೇ ಆಯಿತು. ಕೇಳುವುದೂ ಬೇಡ, ಸುಳ್ಳು ಬರೆಯುವುದೂ ಬೇಡ.

ಎರಡು ಸಾವಿರದ ಐದರ ಡಿಸೆಂಬರಿನಲ್ಲಿ ಮಕರಪುರದ ಒಂದು ಕಾರ್ಖಾನೆಯಿಂದ ಕರೆ ಬಂತು. ಪ್ರೆಸ್ ವಿಭಾಗದ ಎಲ್ಲರನ್ನೂ ಪರೀಕ್ಷಿಸಬೇಕು, ನಿಧಾನದವರನ್ನು ಮಷೀನಿನಿಂದ ಇಳಿಸಿ ಗುತ್ತಿಗೆದಾರನ ಪ್ಯಾಕಿಂಗ್ ಕೆಲಸಕ್ಕೆ ಹಾಕುತ್ತಾರೆ. ಇಳಿಸುವುದು ಎಂದರೆ ಕಳಿಸುವುದು ಎಂದು ಎಲ್ಲರಿಗೂ ಗೊತ್ತಿತ್ತು. ಪಟ್ಟಿಯಲ್ಲಿ ಉಡುಪಿ ಹೋಟೆಲಿನ ಅಣ್ಣನವರ ಹೆಸರೂ ಇತ್ತು. ಅವರು ಒಳಗೆ ಬಂದವರು ನನ್ನನ್ನು ನೋಡಿ, ಉಳಿದವರ ಕಡೆ ತಿರುಗಿ, ಅಪನಿ ಮೇಡಂ ಹೈ, ನಮ್ಮವರೇ ಎಂದರು. ಅಲ್ಲಿ ನನ್ನನ್ನು ತಂಗಿ ಎನ್ನಲಿಲ್ಲ. ಅದು ನನ್ನ ಮರ್ಯಾದೆಗೆ ಎಂದು ಆಗ ಅಂದುಕೊಂಡೆ.

ದೀಪ ಹತ್ತಿತು. ಅವರ ಕಣ್ಣು ಎಡಗೈಗೆ ಹೋಯಿತು, ಬೆರಳು ಇಳಿಯಿತು. ಕಾಲು ಸೆಕೆಂಡು ತಡ. ಇಪ್ಪತ್ತು ಸಲವೂ ಹಾಗೇ.

"ಅಣ್ಣಾರ, ಕೈ ನೋಡಬ್ಯಾಡ್ರಿ. ಸುಮ್ನ ಒತ್ತಿಬಿಡ್ರಿ," ಎಂದು ಮೆಲ್ಲಗೆ ಕನ್ನಡದಲ್ಲಿ ಹೇಳಿದೆ. ಮತ್ತೆ ಮಾಡಿಸಿದೆ. ಹಣೆಯ ಮೇಲೆ ಬೆವರು ಬಂತು. ಎಡಗೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ನೋಡಿದರು. ಆಗ ಕಣ್ಣು ಭುಜದವರೆಗೆ ಹೋಗಿ ಇನ್ನೂ ತಡವಾಯಿತು.

"ಆಗುದಿಲ್ಲ ಮೇಡಂ. ಹನ್ನೊಂದು ವರ್ಷದ ಅಭ್ಯಾಸ, ಕಣ್ಣು ನನ್ನ ಮಾತು ಕೇಳುದಿಲ್ಲ."

ಸಿಬ್ಬಂದಿ ನೋಡಿಕೊಳ್ಳುವ ಮ್ಯಾನೇಜರು ಗುಜರಾತಿನವರು, ಕೆಟ್ಟವರಲ್ಲ. ಫಲಿತಾಂಶದ ಹಾಳೆ ನೋಡಿ ಅವರನ್ನು ಕರೆದು, ವಯಸ್ಸಾಯಿತು, ಏನು ಮಾಡುವುದು ಎಂದರು. ಆಗ ಅಣ್ಣನವರು ಹಿಂದಿಯಲ್ಲಿ ಹೇಳಿದರು. ವಯಸ್ಸಲ್ಲ ಸಾಹೇಬ್, ನಾನು ಒತ್ತುವ ಮೊದಲು ಕೈ ನೋಡುತ್ತೇನೆ, ಅದಕ್ಕೆ ತಡ. ಎಲ್ಲರೂ ಹೀಗೆ ಏನಾದರೂ ಹೇಳುತ್ತಾರೆ ಎಂದು ಮ್ಯಾನೇಜರು ನಕ್ಕರು.

"ಇವತ್ತು ಹುಟ್ಟಿಸಿದ ಮಾತಲ್ಲ," ಎಂದರು ಅವರು. "ಎರಡು ವರ್ಷದ ಹಿಂದೆ, ಈ ಪರೀಕ್ಷೆ ಬರುವ ಸುದ್ದಿಯೂ ಇಲ್ಲದಾಗ, ಇದೇ ಮಾತು ಇದೇ ಮೇಡಂಗೆ ಹೇಳಿದ್ದೇನೆ. ಅವರ ಕಾಲೇಜಿನ ಪುಸ್ತಕದಲ್ಲಿ ಬರೆದಿದ್ದಾರೆ. ನನ್ನ ಸಹಿ ಉಂಟು."

ಹಿಂದಿಯ ನಡುವೆಯೂ ಆ 'ಉಂಟು' ಹಾಗೇ ಬಂತು. ಆಮೇಲೆ ನನ್ನ ಕಡೆ ತಿರುಗಿ, ಪರೀಕ್ಷೆಯಲ್ಲಿ ಗೆದ್ದ ಮಕ್ಕಳ ಹಾಗೆ ನೋಡಿದರು.

ಮ್ಯಾನೇಜರು ನನ್ನನ್ನು ಕೇಳಿದರು. ಹೇಳಿದ್ದು ನಿಜ ಎಂದೆ. ಅವರು ಹಾಳೆಯನ್ನು ಪಕ್ಕಕ್ಕೆ ಸರಿಸಿ, "ಲಖೇಲುಂ ಹೋಯ್ ತೋ ಲಾವೋ, ಬೆನ್," ಎಂದರು. ಬರೆದದ್ದಿದ್ದರೆ ತನ್ನಿ. ಸಹಿ ಇರುವ ಹಳೆಯ ಕಾಗದ ಇದ್ದರೆ ನಾನೂ ಮೇಲಿನವರಿಗೆ ತೋರಿಸಿ ಇವರನ್ನು ಉಳಿಸಿಕೊಳ್ಳಬಹುದು, ಸೋಮವಾರದವರೆಗೆ ಕಾಯುತ್ತೇನೆ. ಅಷ್ಟು ಒಳ್ಳೆಯ ಮಾತನ್ನು ನಾನು ಆ ಕಾರ್ಖಾನೆಗಳಲ್ಲಿ ಯಾರ ಬಾಯಲ್ಲೂ ಕೇಳಿರಲಿಲ್ಲ. ಆ ಮನುಷ್ಯ ಸ್ವಲ್ಪ ಕೆಟ್ಟವನಾಗಿದ್ದರೆ ನಾನು ಬಚಾವಾಗುತ್ತಿದ್ದೆ.

ವಿಭಾಗದಲ್ಲಿ ಹಳೆಯ ಜರ್ನಲ್‌ಗಳನ್ನು ಬೀರುವಿನ ಮೇಲೆ ಕಟ್ಟು ಕಟ್ಟಿ ಇಟ್ಟಿದ್ದರು. ಪಟ್ಟೆವಾಲಾ, ಅಂದರೆ ಜವಾನ, ಏಣಿ ಹಾಕಿ ಇಳಿಸಿಕೊಟ್ಟ. ನನ್ನದು ಸಿಕ್ಕಿತು. ಅದರಲ್ಲಿ ಏನಿದೆ ಎಂದು ಗೊತ್ತಿದ್ದೂ, ಏನೋ ಪವಾಡವಾಗಿ ಬೇರೆ ಇರಬಹುದು ಎನ್ನುವವಳ ಹಾಗೆ ತೆರೆದೆ. ಆರಂಭದಲ್ಲಿ ನನಗೆ ಸ್ವಲ್ಪ ಆತಂಕವಾಯಿತು. ಕ್ರಮೇಣ ರೂಢಿಯಾಗಿ ಆಸಕ್ತಿ ಹುಟ್ಟಿತು. ಕೆಳಗೆ ಅವರ ಕನ್ನಡದ ಸಹಿ, ಒತ್ತಿ ಬರೆದದ್ದು, ಕಾಗದದ ಹಿಂಬದಿಗೂ ಮೂಡಿತ್ತು.

ಹಾಳೆ ಹರಿದು ಬೇರೆ ಬರೆಯಬಹುದು ಎಂದು ಹೊಳೆಯಿತು. ಅವರು ಹೇಳಿದ್ದನ್ನೇ ಬರೆಯಬಹುದು, ಹೋಟೆಲಿಗೆ ಹೋಗಿ ಮತ್ತೆ ಸಹಿ ಹಾಕಿಸಬಹುದು. ನಿಜವನ್ನು ನಿಜ ಮಾಡಲು ಕಳ್ಳ ದಾಖಲೆ ಹುಟ್ಟಿಸಬೇಕಿತ್ತು, ಅಷ್ಟೇ. ಇಲ್ಲವೇ ಮ್ಯಾನೇಜರ ಎದುರು ನಿಂತು, ಅವರು ಹೇಳಿದ್ದು ಒಂದು, ನಾನು ಕದ್ದು ಬರೆದದ್ದು ಒಂದು ಎಂದು ಒಪ್ಪಿಕೊಳ್ಳಬಹುದಿತ್ತು. ಆಗ ನನ್ನ ಕೆಲಸ ಹೋಗುತ್ತಿತ್ತು, ಎಂ.ಎ.ಯ ಮರ್ಯಾದೆಯೂ ಹೋಗುತ್ತಿತ್ತು. ನನಗೆ ಹೇಳಲು ನಾಚಿಕೆಯಾಗುತ್ತದೆ, ನಾನು ಹೆಚ್ಚು ಹೊತ್ತು ಯೋಚಿಸಲೂ ಇಲ್ಲ. ಪಟ್ಟೆವಾಲಾ ಏಣಿ ಒಳಗಿಡಲು ಹೋದಾಗ ಜರ್ನಲನ್ನು ಚೀಲದೊಳಗೆ ತುರುಕಿಕೊಂಡು ಹೊರಗೆ ಬಂದೆ.

ಸೋಮವಾರ ಕಾರ್ಖಾನೆಯಲ್ಲಿ, ಹಳೆಯ ಜರ್ನಲ್‌ಗಳನ್ನು ವಿಭಾಗದವರು ರದ್ದಿಗೆ ಹಾಕಿದ್ದಾರೆ ಎಂದೆ. ಮ್ಯಾನೇಜರು ತಲೆಯಾಡಿಸಿ ಹಾಳೆಗೆ ಸಹಿ ಹಾಕಿದರು. ಅದರ ಮೇಲೆ ಪರೀಕ್ಷಕಳ ಜಾಗದಲ್ಲಿ ನನ್ನ ಸಹಿ ಆಗಲೇ ಇತ್ತು. ಅಣ್ಣನವರು ಬಾಗಿಲ ಹತ್ತಿರ ನಿಂತಿದ್ದರು.

"ಸರಿಯಾಗಿ ಹುಡುಕಿದ್ರಾ ಮೇಡಂ?"

"ಹುಡುಕಿದೆ ಅಣ್ಣಾರ."

"ಪರವಾಗಿಲ್ಲ. ನೀವೆಂತ ಮಾಡ್ತೀರಿ," ಎಂದರು. ನನ್ನನ್ನೇ ಸಮಾಧಾನಪಡಿಸಿದರು.

ಅದಾಗಿ ಕೆಲವು ತಿಂಗಳಿಗೆ ಆ ಕಂಪನಿ ಬಿಟ್ಟೆ. ಮನಸ್ಸಾಕ್ಷಿ ಚುಚ್ಚಿ ಬಿಟ್ಟೆ ಎಂದು ಬರೆದರೆ ಚೆನ್ನಾಗಿರುತ್ತದೆ. ಹಾಗೇನಿಲ್ಲ, ಸೂರತ್ತಿನ ಕಾಲೇಜಿನಲ್ಲಿ ಕೆಲಸ ಸಿಕ್ಕಿತು. ಪ್ರಯೋಗಶಾಲೆಯ ಜವಾಬ್ದಾರಿ ನನಗೇ ಬಂತು. ಮೊದಲ ವರ್ಷ ಹುಡುಗಿಯರು ತಂದಿಟ್ಟ ಜರ್ನಲ್‌ಗಳನ್ನು ತಿದ್ದಲು ಕೂತೆ. ಮೊದಲನೆಯದರಲ್ಲಿ ಸ್ವಲ್ಪ ಆತಂಕ, ಆಮೇಲೆ ಆಸಕ್ತಿ, ಕೊನೆಗೆ ದಣಿವು. ಎರಡನೆಯದರಲ್ಲೂ ಅದೇ. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಅಷ್ಟೂ ಜನರನ್ನು ನಿಲ್ಲಿಸಿ, ನಿಮ್ಮೊಳಗೆ ಏನಾಯಿತು ಎಂದು ನಿಮಗೇ ಗೊತ್ತಿಲ್ಲವೇ ಎಂದು ಕಿರುಚಿದೆ. ಅವರು ಪಿಳಿಪಿಳಿ ನೋಡಿದರು. ನಾನು ಯಾರ ಮೇಲೆ ಕಿರುಚುತ್ತಿದ್ದೇನೆ ಎಂದು ಅವರಿಗೆ ಹೇಗೆ ಗೊತ್ತಾಗಬೇಕು? ಆ ವಾರವೇ ಗುರುವಾರ ರಜೆ ಹಾಕಿ, ಜರ್ನಲ್ ಹಿಡಿದುಕೊಂಡು ವಡೋದರಾದ ರೈಲು ಹತ್ತಿದೆ.

ಹೋಟೆಲಿಗೆ ಮಧ್ಯಾಹ್ನ ತಲುಪಿದೆ. ಅವರು ಮೇಜಿನ ಹತ್ತಿರ ಇರಲಿಲ್ಲ. ಗುರುವಾರ ಅವರಿಗೆ ಈಗ ರಜೆಯಲ್ಲ. ಒಳಗೆ ಕಲ್ಲಿನ ಎದುರು, ಬನಿಯನ್ನಿನ ಮೇಲೆ ಏಪ್ರನ್ ಕಟ್ಟಿಕೊಂಡು ನಿಂತಿದ್ದರು. ಭಾವ ಗಲ್ಲಾದಿಂದಲೇ ಕೂಗಿದರು, "ನಮ್ಮ ಹುಡುಗ ಒಳಗಿದ್ದಾನೆ, ಹೋಗಿ ಮಾತಾಡಿ." ನಲವತ್ತೈದರ ಹುಡುಗ ಏಪ್ರನ್ನಿಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು ನನ್ನ ಎದುರು ಕೂತರು.

"ಮೇಡಂ, ಬನ್ನಿ. ನೀರುದೋಸೆ ಹಾಕ್ಲಾ?"

ಹೋಟೆಲಿನಲ್ಲೂ ನಾನು ಈಗ ಮೇಡಂ ಆಗಿದ್ದೆ. ದೋಸೆ ಬೇಡ ಎಂದು ಜರ್ನಲ್ ತೆಗೆದು ಆ ಪುಟ ತೆರೆದಿಟ್ಟೆ. ರದ್ದಿಗೆ ಹೋಗಿರಲಿಲ್ಲ, ಆವತ್ತು ನನ್ನ ಚೀಲದಲ್ಲೇ ಇತ್ತು, ನಾನು ಸುಳ್ಳು ಹೇಳಿದೆ ಎಂದೆ. ಅವರು ಮೊದಲು ತಮ್ಮ ಸಹಿ ನೋಡಿಕೊಂಡರು.

"ಉಂಟಲ್ಲ! ಮತ್ತೆ ಯಾಕೆ ತೋರಿಸ್ಲಿಲ್ಲ?"

"ಇದರಾಗ ನೀವು ಹೇಳಿದ್ದಿಲ್ರೀ."

"ಮತ್ತೆ ಎಂತ ಉಂಟು? ಓದಿ."

ನಾಲ್ಕು ವಾಕ್ಯಗಳನ್ನು ಒಂದೊಂದಾಗಿ ಕನ್ನಡದಲ್ಲಿ ಹೇಳಿದೆ. ಆತಂಕವಾಯಿತು. ಆಸಕ್ತಿ ಹುಟ್ಟಿತು. ದಣಿವಾಯಿತು. ಒಟ್ಟಿನಲ್ಲಿ ಪ್ರಯೋಗ ಆಹ್ಲಾದಕರವಾಗಿತ್ತು. ಅವರು ನನ್ನನ್ನು ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ ಈ ಬರಹದ ಅಗತ್ಯವೇ ಇರುತ್ತಿರಲಿಲ್ಲವೇನೋ. ಅವರು ಆ ಇಂಗ್ಲಿಷ್ ಅಕ್ಷರಗಳ ಮೇಲೆ ಬೆರಳಿಟ್ಟು ಎಷ್ಟೋ ಹೊತ್ತು ನೋಡಿದರು.

"ಇದು ನಾನಲ್ಲ ಮೇಡಂ. ಇದು ಯಾರು?"

"ಗೊತ್ತಿಲ್ರೀ," ಎಂದೆ. ಅದೊಂದು ನಿಜವಾದ ಉತ್ತರ.

ಅವರು ಜರ್ನಲನ್ನು ಮುಚ್ಚಿ ನನ್ನ ಕಡೆ ಸರಿಸಿದರು. ಆಮೇಲೆ ಎರಡೂ ಕೈಗಳನ್ನು ಮೇಜಿನ ಮೇಲೆ ಅಗಲವಾಗಿ ಚಾಚಿ ಇಟ್ಟರು. ಹಿಟ್ಟು ಒಣಗಿ ಬೆರಳ ಸಂದಿಗಳಲ್ಲಿ ಬೆಳ್ಳಗಾಗಿತ್ತು.

"ಹನ್ನೊಂದು ವರ್ಷ ಪ್ರೆಸ್ಸಿನಲ್ಲಿದ್ದೆ. ಹತ್ತೂ ಉಂಟು, ನೋಡಿ. ಅವತ್ತು ಅವರಿಗೆ ಇದನ್ನು ತೋರಿಸ್ಬಹುದಿತ್ತು, ನನಗೂ ಹೊಳೀಲಿಲ್ಲ, ನಿಮಗೂ ಹೊಳೀಲಿಲ್ಲ. ನಾವಿಬ್ರೂ ಪುಸ್ತಕವನ್ನೇ ನಂಬಿದ್ವಿ." ಕೈಗಳನ್ನು ಹಿಂದಕ್ಕೆ ತೆಗೆದುಕೊಂಡು ಹೇಳಿದರು, "ಇದನ್ನಾದ್ರೂ ಬರ್ಕೊಳ್ಳಿ ಮೇಡಂ."

ಗಲ್ಲಾದಿಂದ ಭಾವ ಎರಡು ಮಸಾಲೆ ಎಂದು ಕೂಗಿದರು. ಅವರು ಎದ್ದು ಒಳಗೆ ಹೋದರು. ಕಲ್ಲಿಗೆ ನೀರು ಚಿಮುಕಿಸಿದರು, ಸೌಟಿನಲ್ಲಿ ಹಿಟ್ಟು ತೆಗೆದರು. ಹೊಯ್ಯುವ ಮೊದಲು ಅವರ ಕಣ್ಣು ಒಮ್ಮೆ ಎಡಗೈಯ ಕಡೆ ಹೋಗಿ ಬಂತು.